ಹಿತ್ತಾಳೆ ಪಟ್ಟಿಯ ಮೇಲಿನ ಹೆಸರು

ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ ನಮ್ಮ ಮನೆಯವರಿಗೆ ವರ್ಗವಾದಾಗಲೆಲ್ಲ, ಸಾಮಾನಿನ ಗಾಡಿಯಲ್ಲಿ ಡ್ರೈವರನ ಪಕ್ಕದ ಜಾಗ ಒಂದು ತೇಗದ ಪೆಟ್ಟಿಗೆಗೆ ಮೀಸಲು. ಅದರ ಆಚೆ ಕಿಟಕಿಗೆ ಒತ್ತಿಕೊಂಡು ನಾನು. ಹಿಂದೆ, ಗಾದಿಗಳ ಮೇಲೆ, ಅವರು.

ಅವರದು ಟೆಲಿಫೋನ್ ತಂತಿ ಪರೀಕ್ಷಿಸುವ ಕೆಲಸ. ಪೆಟ್ಟಿಗೆ ಇಲಾಖೆಯದಲ್ಲ. ನಿಜಾಮರ ಕಾಲದಲ್ಲಿ ಅದೇ ಕೆಲಸ ಮಾಡಿದ್ದ ಮಾವನವರು, ಹಳೆಯದಾಯಿತೆಂದು ಇಲಾಖೆ ಹರಾಜಿಗಿಟ್ಟಾಗ ಕೊಂಡು ತಂದದ್ದು. ಮುಚ್ಚಳ ತೆಗೆದರೆ ಗಾಜಿನ ಕೆಳಗೊಂದು ಮುಳ್ಳು, ಪಕ್ಕದಲ್ಲಿ ತಿರುವುವ ಹಿಡಿ, ಎರಡು ತಂತಿ. ತಂತಿ ಪರೀಕ್ಷಿಸುವ ಇಂಥ ಯಂತ್ರಕ್ಕೆಲ್ಲ ಮೆಗ್ಗರ್ ಅನ್ನುವುದು ರೂಢಿ. ಇದನ್ನು ಮಾಡಿದ ಕಂಪನಿಯ ಹೆಸರು ಮಾತ್ರ ಬೇರೆಯಿತ್ತು, ಮುಂದಿನ ಹಿತ್ತಾಳೆ ಪಟ್ಟಿಯ ಮೇಲೆ ಕೊರೆದಿತ್ತು.

ಮದುವೆಯಾದ ಹೊಸದರಲ್ಲಿ, ಆಳಂದದ ಮನೆಯಲ್ಲಿ, ಅವರು ನನ್ನನ್ನು ಕೂಡಿಸಿಕೊಂಡು ಹಿಡಿ ತಿರುವಿ ತೋರಿಸಿದ್ದರು.

"ನೋಡ ಇಲ್ಲಿ. ಮುಳ್ಳು ಈ ಮಲಗಿದ ಎಂಟಕ್ಕ ಹೋತಂದ್ರ ತಂತಿ ಚೊಲೊ ಅದ. ಸೊನ್ನಿಗೆ ಬಿತ್ತಂದ್ರ ಎಲ್ಲೋ ನೆಲಕ್ಕ ತಾಗೇದ."

"ಅದು ಎಂಟಲ್ರಿ. ಅನಂತ ಅಂತಾರ ಅದಕ್ಕ. ನಮ್ಮ ಕಾನ್ವೆಂಟಿನಾಗ ಕಲಿಸ್ಯಾರ."

"ಆಯ್ತ್ರಿ ಮದರ್," ಎಂದು ಕೈ ಮುಗಿದರು. ಆಮೇಲೆ ನಾನು ಏನು ತಿದ್ದಿದರೂ "ಆಯ್ತ್ರಿ ಮದರ್" ಎಂಬುದೇ ಉತ್ತರ.

ಪ್ರತಿ ಮಹಾನವಮಿಗೆ ಖಂಡೆ ಪೂಜೆ. ಬೇರೆ ಮನೆಗಳಲ್ಲಿ ಕೊಡಲಿ, ಕುಡುಗೋಲು, ತಕ್ಕಡಿ, ನಮ್ಮಲ್ಲಿ ಮೆಗ್ಗರ್. ಅತ್ತೆಯವರು ಹಿಂದಿನ ದಿನವೇ ಹುಣಸೆಹಣ್ಣು ನೆನೆಹಾಕಿ, ಒಲೆಯ ಬೂದಿ ಸೋಸಿ, ಪಟ್ಟಿಯನ್ನು ತಿಕ್ಕಲು ಕೂಡುತ್ತಿದ್ದರು. "ದೇವರ ಸಾಮಾನಿದ್ದಂಗ ಬೆಳಗಬೇಕವ್ವಾ, ಅದರಾಗ ನಮ್ಮ ಮಾರಿ ಕಾಣಬೇಕು," ಅನ್ನುವರು. ಅವರು ಹೋದ ಮೇಲೆ ತಿಕ್ಕುವ ತೆಂಗಿನ ನಾರು ನನ್ನ ಕೈಗೆ ಬಂತು. ಪಟ್ಟಿ ಬೆಳಗುತ್ತಿತ್ತು. ವಿಭೂತಿ ಹಚ್ಚಿ, ಬನ್ನಿ ಎಲೆ ಇಟ್ಟು ನಮ್ಮವರನ್ನು ಕರೆದರೆ, ಅವರು ಸ್ನಾನ ಮಾಡಿ ಬಂದು ಪೆಟ್ಟಿಗೆಗೆ ಹಣೆ ಹಚ್ಚುತ್ತಿದ್ದರು.

ಜೇವರ್ಗಿಗೆ ಬರುವ ಹೊತ್ತಿಗೆ ಹೊಸ ಯಂತ್ರಗಳು ಬಂದು, ಹಿಡಿ ತಿರುವುವ ಕೆಲಸವೇ ಉಳಿಯಲಿಲ್ಲ. ಅವರಿಗೆ ಪೆಟ್ಟಿಗೆಯದೇ ಚಿಂತೆ. "ನಾ ಹೋದಮ್ಯಾಲೆ ಇದು ಗುಜರಿಗೆ ಹೋಗಬಾರದು. ತಿಳಿದವರ ಕೈಗೆ, ಇದರ ಹೆಸರು ಹೇಳಿ ಕೊಡಬೇಕು," ಎನ್ನುತ್ತಿದ್ದರು. ಸೊಲ್ಲಾಪುರದಲ್ಲಿ ಹಳೆಯ ಯಂತ್ರ ಕೂಡಿಡುವವರೊಬ್ಬರು ಇದ್ದಾರೆಂದು ಯಾರಿಂದಲೋ ತಿಳಿದು, ತಾವೇ ಮಾತಾಡಿ ಬರಹೇಳಿದ್ದರು.

ಆ ಮನುಷ್ಯ ಬರುವ ಮೊದಲೇ ನಮ್ಮವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತು ಹೋಯಿತು. ಒಂದೇ ಒಂದು ಶಬ್ದ ಉಳಿಯಿತು: ಹಲೋ.

ಚಹಾ ಬೇಕೆಂದರೆ ಹಲೋ, ದಿಂಬು ಸರಿಸೆಂದರೆ ಹಲೋ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಸಾಹೇಬರ ಡ್ಯೂಟಿ ಇನ್ನಾ ಮುಗಿದಿಲ್ಲೇನ್ರಿ ಅಕ್ಕಾರ?" ಎಂದು ನಗಿಸಲು ನೋಡುತ್ತಿದ್ದಳು. ಅವರೂ ಅರ್ಧ ಬಾಯಲ್ಲಿ ನಗುತ್ತಿದ್ದರು. ನಾನು ರಾಗದಿಂದ ಅರ್ಥ ಹಿಡಿಯಲು ಕಲಿತೆ. ಚಹಾದ್ದು ಗಿಡ್ಡ ಹಲೋ. ಸಿಟ್ಟಿನದು ಕೊನೆಯಲ್ಲಿ ಮೇಲೇರುತ್ತಿತ್ತು.

ಸೊಲ್ಲಾಪುರದವರು ಒಪ್ಪಿದ ದಿನವೇ ಬಂದರು. ವಿಷಯ ತಿಳಿದು ಹಿಂದಿರುಗಲು ಎದ್ದರು. ಇವರು ಎಡಗೈಯಿಂದ ಪೆಟ್ಟಿಗೆ ತೋರಿಸಿ ಕೂಡಿಸಿದರು. ಬಂದವರು ಮೊದಲು ತಿರುಪುಗಳ ತಲೆ ನೋಡಿದರು, ಬದಲಾಯಿಸಿದ್ದೋ ಮೂಲದ್ದೋ ಎಂದು. ಆಮೇಲೆ ಪೆಟ್ಟಿಗೆ ಹೊರುವ ಚರ್ಮದ ಪಟ್ಟಿಯ ಹೊಲಿಗೆ. ಗಾಜಿನ ಅಂಚಿಗೆ ಉಗುರು ತಾಗಿಸಿದರು. ಕೊನೆಗೆ ಹಿತ್ತಾಳೆ ಪಟ್ಟಿಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಸವರಿದರು.

"ಕಾಕೂ, ಇದನ್ನ ಏನರೆ ಹಚ್ಚಿ ತಿಕ್ಕೀರೇನು?"

"ಹುಣಸಿಹಣ್ಣು, ಬೂದಿ. ವರ್ಷಾ ಖಂಡೆ ಪೂಜೆಗೆ."

ಬಂದವರು ಬೈಯಲಿಲ್ಲ. ತೆಳು ಕಾಗದ ಕೇಳಿದರು. ಅಗರಬತ್ತಿಯ ಪೊಟ್ಟಣದೊಳಗಿನದು ಕೊಟ್ಟೆ. ಪಟ್ಟಿಯ ಮೇಲಿಟ್ಟು ಪೆನ್ಸಿಲ್ ಅಡ್ಡ ಉಜ್ಜಿದರು. ಕೆಳಗಿನ ಮೂಲೆಯಲ್ಲಿ ಲಂಡನ್ ಎಂಬುದೊಂದು ಮಸುಕಾಗಿ ಮೂಡಿತು. ಅದರ ಮೇಲೆ, ಹೆಸರು ಸವೆದ ಜಾಗದಲ್ಲೆಲ್ಲ, ಬರೀ ಕಪ್ಪು.

"ಓದಿದ ನೆನಪದೇನ್ರಿ ನಿಮಗ?"

ಓದಿದ್ದೆ. ಸೋಪಿನ ಕಾಗದ, ಔಷಧದ ಶೀಸೆ, ಏನು ಕಂಡರೂ ಓದುವುದು ನನ್ನ ಚಟ. ಎರಡು ಮಾತಿನ ಹೆಸರು ಎಂಬುದು ನೆನಪಿತ್ತು. ಅಕ್ಷರಗಳ ಬಾಲ ಬಳ್ಳಿಯ ಹಾಗೆ ಸುತ್ತಿಕೊಂಡಿದ್ದವು, ಅದೂ ನೆನಪಿತ್ತು. ಹೆಸರು ಬರಲಿಲ್ಲ. ಇವರ ಎಡಗೈಗೆ ಪೆನ್ಸಿಲ್ ಕೊಟ್ಟೆವು. ಕಾಗದದ ಮೇಲೆ ಗೀರುಗಳು ಬಿದ್ದವು. ನಾನು ಪಕ್ಕದಲ್ಲಿ ಕೂತು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿ, "ಇದೇನ್ರಿ? ಇದಾದ್ರ ಗೋಣ ಹಾಕ್ರಿ," ಅಂದೆ. ಪ್ರತಿ ಅಕ್ಷರಕ್ಕೂ ಗೋಣು ಹಾಕಿದರು. ಹಣೆಯ ಮೇಲೆ ಬೆವರು. ನಾನು ನಿಲ್ಲಿಸಿದೆ.

ಇವರು ನಿಲ್ಲಿಸಲಿಲ್ಲ. ಚಹಾ ತಂದಿದ್ದ ಸ್ಟೀಲಿನ ತಾಟನ್ನು ಎಳೆದುಕೊಂಡು, ಎರಡೂ ತಂತಿಗಳ ತುದಿ ಅದರ ಮೇಲಿಟ್ಟು, ನನಗೆ ಹಿಡಿ ತೋರಿಸಿದರು. ತಿರುವಿದೆ. ಮುಳ್ಳು ಸೊನ್ನೆಗೆ ಬಿತ್ತು. ಕೈಯೆತ್ತಿ ನಿಲ್ಲಿಸಿ, ಒಂದು ತುದಿಯನ್ನು ತಾಟಿನಿಂದ ತೆಗೆದು ಚಾದರಿನ ಮೇಲಿಟ್ಟು, ಮತ್ತೆ ಕಣ್ಸನ್ನೆ ಮಾಡಿದರು. ತಿರುವಿದೆ. ಮುಳ್ಳು ಸರಸರ ಹೋಗಿ ಮಲಗಿದ ಎಂಟರ ಮೇಲೆ ನಿಂತಿತು. ಇವರು ಬಂದವರ ಮುಖವನ್ನೇ ನೋಡುತ್ತಿದ್ದರು.

"ಯಂತ್ರ ಖರೇನ ಚೊಲೊ ಅದ ಕಾಕಾ," ಎಂದರು ಸೊಲ್ಲಾಪುರದವರು, ಮೆಲ್ಲಗೆ. "ಇಂಥಾ ನಡಿಯೋ ಮಾಲು ಸಿಗಂಗಿಲ್ಲ. ಆದ್ರ ಮನಿತನ ಗೊತ್ತಿಲ್ಲಂದ್ರ ಇದು ಯಾರ ಮಗ ಅಂತ ನಾ ಯಾರಿಗಿ ಹೇಳ್ಲಿ? ಬೆಲಿ ಎಲ್ಲಾ ಹೆಸರಿನಾಗ ಇರತದ್ರಿ."

"ಹಂಗಾರ ಬ್ಯಾಡೇನ್ರಿ?" ಎಂದು ಕೇಳಿದೆ.

"ಒಯ್ತೀನಿ ಕಾಕೂ. ಗುಜರಿಗೆ ಹಾಕಂಗಿಲ್ಲ, ಮಾತು ಕೊಡ್ತೀನಿ. ನನ್ನ ಕಪಾಟಿನಾಗ ಇರತದ."

ಇವರ ಕಡೆ ನೋಡಿದೆ. ಕಣ್ಣು ಮುಚ್ಚಿ ತೆರೆದರು. ಒಪ್ಪಿಗೆ ಎಂದು ನಾನು ತಿಳಿದೆ. ಬೇರೆ ಏನು ತಿಳಿಯಬಹುದಿತ್ತು?

ಸೊಲ್ಲಾಪುರದವರು ಒಂದು ಚೀಟಿಯಲ್ಲಿ ಬರೆದು ಹಿಡಿಗೆ ಕಟ್ಟಿದರು. ಇಂಗ್ಲಿಷಿನಲ್ಲಿತ್ತು, ಚಟದಂತೆ ಓದಿದೆ. ಕೈಯಿಂದ ತಿರುವುವ ಪರೀಕ್ಷಾ ಯಂತ್ರ, ಲಂಡನ್, ಮಾಡಿದವರು ತಿಳಿಯದು. ಇವರಿಗೂ ಓದಿ ಹೇಳಬೇಕೆಂದು ಬಾಯಿ ತೆರೆದು, ಕೊನೆಯ ಮಾತು ಬಿಟ್ಟು ಹೇಳಿದೆ.

ಪೆಟ್ಟಿಗೆ ಹೊಸ್ತಿಲು ದಾಟುವಾಗ ಇವರು ಕರೆದರು. "ಹಲೋ, ಹಲೋ." ಒಯ್ಯುತ್ತಿದ್ದವರು ನಿಂತರು. ಮತ್ತೆ ಅದೇ: ಮೊದಲನೆಯದು ಗಿಡ್ಡ, ಎರಡನೆಯದು ಉದ್ದ, ನಡುವೆ ಒಂದು ಉಸಿರು. ಚಹಾದ ರಾಗ ಅಲ್ಲ, ಸಿಟ್ಟಿನದೂ ಅಲ್ಲ. ಇವರು ಕರೆಯುತ್ತಿರಲಿಲ್ಲ, ಹೇಳುತ್ತಿದ್ದರು. ಎರಡು ಮಾತಿನ ಆ ಹೆಸರು.

"ಏನಂತಾರ್ರಿ ಕಾಕಾ?" ಎಂದು ಸೊಲ್ಲಾಪುರದವರು ನನ್ನನ್ನು ಕೇಳಿದರು.

"ಹೆಸರು ಹೇಳಾಕತ್ತಾರ್ರಿ," ಎಂದೆ.

ಅವರು ಚೀಟಿ ಬಿಚ್ಚಿಕೊಂಡು, ಪೆನ್ಸಿಲ್ ಹಿಡಿದು, ನನ್ನ ಬಾಯಿ ನೋಡುತ್ತಾ ನಿಂತರು.