ಅತ್ತಿಗೆಯ ಭುಜ, ಅತ್ತಿಗೆಯ ನಗು

ನಮ್ಮ ಅತ್ತಿಗೆ ಹದಿನೆಂಟು ವರ್ಷದಿಂದ ಗಗನಸಖಿ. ಯಾರಾದರೂ ಮೈಮೇಲೆ ಬಿಸಿ ಕಾಫಿ ಚೆಲ್ಲಿದರೂ ನಗುನಗುತ್ತಲೇ ಒರೆಸಿಕೊಳ್ಳಬೇಕಾದ ಕೆಲಸ ಅದು. ಹೋದ ತಿಂಗಳು ವಿಮಾನ ಕುಲುಕಿದಾಗ ಊಟದ ಗಾಡಿ ನುಗ್ಗಿ ಬಂದು ಅವಳ ಬಲಭುಜಕ್ಕೆ ಬಡಿಯಿತು. ಕೈ ಎತ್ತಲಾಗದೆ ಪರಿಹಾರಕ್ಕೆ ಅರ್ಜಿ ಹಾಕಿದಳು. ವಿಮಾ ಕಂಪನಿಯ ಡಾಕ್ಟರು ಭುಜ ಒತ್ತಿ, "ನೋವಿದೆಯಾ?" ಎಂದರೆ ಈ ಪುಣ್ಯಾತ್ಗಿತ್ತಿ ನಗುತ್ತಾ, "ಪರವಾಗಿಲ್ಲ ಸರ್" ಎಂದಳಂತೆ. ಅವರು "ನೋವಿಲ್ಲ" ಎಂದು ಬರೆದು ಕಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ರವಿಕೆಗೆ ಅವಳ ತೋಳು ತೂರಿಸುವವಳು ನಾನು, ಅಲ್ಲಿ ಇವಳ ಉಪಚಾರದ ಮಾತು ನೋಡಿ.

ಮರುಪರೀಕ್ಷೆಗೆ ಅಮ್ಮನೂ ನಾನೂ ಜೊತೆಗೆ ಹೋದೆವು. "ಈ ಸಲ ಅಳಬೇಕು, ಗೊತ್ತಾಯ್ತಾ?" ಎಂದು ಅಮ್ಮ ದಾರಿಯುದ್ದಕ್ಕೂ ಸೊಸೆಗೆ ಪಾಠ ಹೇಳಿದಳು. ಡಾಕ್ಟರು ಮತ್ತೆ ಭುಜ ಒತ್ತಿದರು. ಅತ್ತಿಗೆಯ ಹಣೆಯಲ್ಲಿ ಬೆವರು ಮೂಡಿತು, ಮುಖದ ತುಂಬ ನಗು ಅರಳಿತು. ಡಾಕ್ಟರು ಪೆನ್ನು ತೆಗೆದರು.

ಅಮ್ಮ ಎದ್ದು ನಿಂತಳು. "ಸ್ವಲ್ಪ ತಾಳಿ ಡಾಕ್ಟ್ರೇ. ಇವಳು ನಮ್ಮನೆಗೆ ಬಂದು ಹನ್ನೆರಡು ವರ್ಷ ಆಯ್ತು. ಆರಾಮಾಗಿದ್ದಾಗ ಒಂದು ದಿನಾನೂ ನನ್ನ ಮುಖ ನೋಡಿ ಹೀಗೆ ನಕ್ಕಿಲ್ಲ. ವಿಪರೀತ ನೋವಿದೆ ಅಂತ ಬರ್ಕೊಳ್ಳಿ."