ಕರ್ಚೀಫ್ ಸುತ್ತಿದ ಮೇಲಿನ ಕಥೆ

ನಮ್ಮ ಅತ್ತೆಗೆ ಸಿನಿಮಾಗಳ ಹೆಸರು ನೆನಪಿರುವುದಿಲ್ಲ. ‘ಲಾರಿ ಓಡಿಸ್ತಾನಲ್ಲ, ಅದು’, ‘ಪೊಲೀಸ್ ಆಗವ್ನಲ್ಲ, ಅದು’, ‘ತಂಗಿ ಮದ್ವೆಗೆ ಅಂತ ಕಲ್ಲು ಒಡೀತಾನಲ್ಲ, ಅದು’ ಎಂದೇ ಹೇಳುವುದು. ಹೀರೋ ಮಾತ್ರ ಎಲ್ಲದರಲ್ಲೂ ಒಬ್ಬನೇ. ಈಗ ಗಡ್ಡಕ್ಕೆ ಬಣ್ಣ ಹಚ್ಚಿಕೊಂಡು ಅಪ್ಪನ ಪಾರ್ಟು ಮಾಡುವ ಆ ಫೈಟಿಂಗ್ ಹೀರೋನನ್ನು ಅತ್ತೆ ಇವತ್ತಿಗೂ ‘ನಮ್ ಹುಡ್ಗ’ ಅನ್ನುತ್ತಾರೆ. ಸೋಮವಾರ ಶಿವನಿಗೆ ಬಿಲ್ವಪತ್ರೆ ಏರಿಸದೆ ಬಾಯಿಗೆ ನೀರು ಹಾಕದವರು, ಆ ಹುಡುಗನ ಹೊಡೆದಾಟ ಎಂದರೆ ಕಾಫಿ ಆರಿದರೂ ಏಳುವುದಿಲ್ಲ.

ಅವರು ಮದುವೆಯಾಗಿ ಬಂದದ್ದು ಅಮೃತೂರಿಗೆ. ಸಿನಿಮಾ ಬೇಕೆಂದರೆ ಕುಣಿಗಲ್‌ಗೆ ಹೋಗಬೇಕು. ಬೀದಿಯ ಹೆಂಗಸರೆಲ್ಲ ಬೇಗ ಅಡುಗೆ ಮುಗಿಸಿ ಮ್ಯಾಟಿನಿಗೆ ಹೊರಡುತ್ತಿದ್ದರಂತೆ. ಆದರೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಲೇಬೇಕು. ಅದಕ್ಕೆ ಆಗಿಬರುತ್ತಿದ್ದ ಪ್ರೈವೇಟ್ ಬಸ್ಸು ಸಿನಿಮಾ ಮುಗಿಯುವ ಮೊದಲೇ ಬಿಟ್ಟುಬಿಡುತ್ತಿತ್ತು.

‘ಅವ್ನು ಕೈಗೆ ಕರ್ಚೀಫ್ ಸುತ್ಕೊಂಡ ಅಂದ್ರೆ ಕಡೇ ಫೈಟು ಅಂತ ಕಣೇ. ನಾವೆಲ್ಲ ಸೆರಗು ಕೊಡವ್ಕೊಂಡು ಎದ್ಬುಡೋವು. ಹಿಂದ್ಲವರು ಬೈಯೋರು, ಕೂತ್ಕೊಳ್ರಮ್ಮೋ ಅಂತ.’

ಹೀಗಾಗಿ ಅತ್ತೆ ಅವನ ಎಲ್ಲ ಸಿನಿಮಾ ನೋಡಿದ್ದಾರೆ, ಒಂದರ ಕೊನೆಯನ್ನೂ ನೋಡಿಲ್ಲ. ಬಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಕೊನೆ ಹೇಳಿ ಜಗಳವಾಡಿ, ಅಮೃತೂರು ಬರುವಷ್ಟರಲ್ಲಿ ಯಾವುದಾದರೂ ಒಂದಕ್ಕೆ ಒಪ್ಪಿಕೊಳ್ಳುತ್ತಿದ್ದರಂತೆ. ಮನೆಗೆ ಟೀವಿ ಬಂದ ಮೇಲೂ ಅಷ್ಟೇ. ಕರ್ಚೀಫ್ ಸುತ್ತುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಕರೆ ಬರುತ್ತಿತ್ತು.

ಈಗ ತುಮಕೂರಿನಲ್ಲಿ, ಸದಾಶಿವನಗರದ ನಮ್ಮ ಮನೆಯಲ್ಲಿ ಅವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿದ ದಿನ, ಅತ್ತೆ ಮನೆಗೆ ಬಂದು ಚಪ್ಪಲಿಯನ್ನು ತಡವಿ ಜೋಡಿಸಿಟ್ಟು, ‘ಹೋಗ್ಲಿ ಬಿಡು’ ಎಂದರು. ‘ನೀನು ನೋಡಿ ಹೇಳು. ಕಡೇಗೆ ಏನೇನಾಯ್ತು ಅಂತ ತಿಳ್ಕೊಂಡ್ಬುಡ್ತೀನಿ.’

ಹಳೆಯ ಸಿನಿಮಾಗಳೆಲ್ಲ ಫೋನಿನಲ್ಲೇ ಸಿಗುತ್ತವೆ. ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಲಾರಿ ಸಿನಿಮಾವನ್ನೇ ಮೊದಲು ಹಾಕಿದೆ. ಮಾತು ಅವರಿಗೆ ಕೇಳಿಸುತ್ತಿತ್ತು, ಉಳಿದದ್ದನ್ನು ನಾನು ಹೇಳುತ್ತಿದ್ದೆ. ಕರ್ಚೀಫ್ ಸುತ್ತಿದ. ಅತ್ತೆ ನೆಟ್ಟಗೆ ಕೂತರು. ಕೊನೆಯಲ್ಲಿ ಅವನು ಸಾಯುತ್ತಾನೆಂದು ನನಗೆ ಗೊತ್ತಿತ್ತು.

ನಾನು ಓದಿದ ಕಾನ್ವೆಂಟಿನಲ್ಲಿ ಯಾವಾಗಲಾದರೊಮ್ಮೆ ಹಾಲ್‌ನಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಮಕ್ಕಳು ನೋಡಬಾರದ್ದು ಬಂದಾಗ ಸಿಸ್ಟರ್ ಎದ್ದು ಪ್ರೊಜೆಕ್ಟರಿನ ಮುಂದೆ ಅಂಗೈ ಹಿಡಿಯುತ್ತಿದ್ದರು. ಪರದೆಯ ತುಂಬ ಐದು ಬೆರಳಿನ ನೆರಳು. ಕೈಗೆ ಬಿಸಿ ತಾಗುತ್ತಿತ್ತೇನೋ, ಆದರೂ ತೆಗೆಯುತ್ತಿರಲಿಲ್ಲ. ಅದು ನಮ್ಮ ಮೇಲಿನ ಪ್ರೀತಿ ಎಂದೇ ನಾನು ತಿಳಿದಿದ್ದೆ.

ಫೋನನ್ನು ನಿಲ್ಲಿಸಿದೆ. ‘ನೆಟ್ ಹೋಯ್ತು ಅತ್ತೆ. ನಾನು ಮೊದ್ಲೇ ನೋಡಿದೀನಿ, ಹೇಳ್ತೀನಿ. ಎಲ್ಲಾರ್ನೂ ಹೊಡೆದು, ಲಾರೀಲಿ ಅವ್ರಮ್ಮನ್ನ ಕೂರಿಸ್ಕೊಂಡು ಊರಿಗೆ ಹೋಗ್ತಾನೆ.’

‘ಮುಂದ್ಗಡೆ ಸೀಟಲ್ಲಾ?’

‘ಮುಂದ್ಗಡೆ ಸೀಟಲ್ಲೇ.’

ಅತ್ತೆ ಎರಡು ಕೈ ತಟ್ಟಿದರು. ‘ನಾನು ಬಸ್ಸಲ್ಲಿ ಇದ್ನೇ ಹೇಳಿದ್ದು. ಆ ಮುಂಡೇವು ಒಪ್ಲಿಲ್ಲ.’ ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ತಂಗಿ ಮದುವೆಯ ಸಿನಿಮಾದ ಕೊನೆಯನ್ನೂ ಆಮೇಲೆ ಬಾಯಿಮಾತಿನಲ್ಲೇ ಹೇಳಿದೆ.

ಶಿರಾ ಗೇಟ್‌ನಲ್ಲಿ ಬ್ಲೌಸ್ ಪೀಸಿನ ಅಂಗಡಿ ಇಟ್ಟಿರುವ ದಂಪತಿ ನಮ್ಮ ಪಕ್ಕದ ಮನೆಯವರು. ಆಕೆಯೂ ಅದೇ ಹೀರೋನ ಅಭಿಮಾನಿ. ಒಂದು ಸಂಜೆ ನನ್ನ ಸೀರೆಗೆ ಫಾಲ್ ಹಾಕಿ ತಂದುಕೊಟ್ಟವರು ಅತ್ತೆಯ ಜೊತೆ ಮಾತಿಗೆ ಕೂತರು. ನಾನು ಒಳಗೆ ಟೀ ಸೋಸುತ್ತಿದ್ದೆ.

‘ಅರೆ ಅಮ್ಮಾ, ಲಾರಿ ಪಿಚ್ಚರ್ ಬೇಡ. ಅದ್ರಲ್ಲಿ ಸತ್ತೋಗ್ತಾನೆ. ನಾನು ಮೂರು ದಿನ ಊಟ ಸರಿಯಾಗಿ ಮಾಡ್ಲಿಲ್ಲ, ನಮ್ಮ ಯಜಮಾನ್ರು ಬೈದ್ರು.’

‘ನಿಂಗೆಲ್ಲೋ ಮರ್ತೋಗದೆ. ಅಮ್ಮನ್ನ ಮುಂದ್ಗಡೆ ಸೀಟಲ್ಲಿ ಕೂರಿಸ್ಕೊಂಡು ಹೋಗ್ತಾನೆ.’

‘ಇಲ್ಲಾ ಅಮ್ಮಾ, ಖುದಾ ಕಸಮ್. ಕಣ್ಣಾರೆ ನೋಡಿದೀನಿ.’

‘ನನ್ ಸೊಸೇನೂ ಕಣ್ಣಾರೆ ನೋಡೇ ಹೇಳಿದ್ದು. ನನ್ ಸೊಸೆ ಸುಳ್ಳು ಹೇಳೋಳಲ್ಲ.’

ಟ್ರೇ ಹಿಡಿದು ಬಾಗಿಲಿಗೆ ಬಂದೆ. ಆಕೆ ನನ್ನ ಮುಖ ನೋಡಿದರು. ‘ಇರ್ಬೋದು ಬಿಡಿ ಅಮ್ಮಾ. ನಂಗೇ ಬೇರೆ ಪಿಚ್ಚರ್ ನೆನಪು’ ಎಂದು ಟೀ ತೆಗೆದುಕೊಂಡರು. ಅತ್ತೆ ಗೆದ್ದವರ ಹಾಗೆ ಸಕ್ಕರೆ ಇಲ್ಲದ ಟೀಯನ್ನು ಸೊರ್ರೆಂದು ಕುಡಿದರು. ನಿಜ ಹೇಳಿದವರು ಸುಳ್ಳಿಯಾದರು, ಅದೂ ನನ್ನ ಮನೆಯಲ್ಲಿ, ನನ್ನ ಟೀ ಕುಡಿಯುತ್ತಾ.

ಮರುದಿನ ತಿಂಡಿಯಾದ ಮೇಲೆ ಅತ್ತೆಯ ಪಕ್ಕ ಕೂತೆ. ‘ಅತ್ತೆ, ಆವತ್ತು ನೆಟ್ ಹೋಗಿರ್ಲಿಲ್ಲ’ ಎಂದೆ. ಲಾರಿ ಸಿನಿಮಾದ ಕೊನೆಯನ್ನು ಹಾಕಿದೆ. ಈ ಸಲ ಯಾವುದನ್ನೂ ಬಿಡದೆ ಹೇಳಿದೆ. ಮೂಗಿಗೆ ಗುದ್ದಿದ್ದು, ಹಲ್ಲು ಬಿದ್ದದ್ದು, ಹಿಂದಿನಿಂದ ಚಾಕು ಹಾಕಿದ್ದು, ಎಲ್ಲ. ಅವ್ರಮ್ಮ ಕರ್ಚೀಫ್ ಬಿಚ್ಚಿ ಅವನ ಮುಖ ಒರೆಸಿದ್ದನ್ನೂ ಹೇಳಿದೆ.

‘ಕರ್ಚೀಫ್ ಯಾವ ಬಣ್ಣ?’

‘ಕೆಂಪು.’

‘ಮೊದ್ಲಿಂದ್ಲೂ ಕೆಂಪಾ, ರಕ್ತಕ್ಕಾ?’

‘ಮೊದ್ಲಿಂದ್ಲೂ ಕೆಂಪೇ ಅತ್ತೆ.’

ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ‘ಪಕ್ಕದ್ಮನೆಯೋಳ್ನ ಕರಿ. ಅವಳ್ನ ನಾನು ಸುಳ್ಳಿ ಮಾಡ್ಬುಟ್ಟೆ’ ಎಂದರು. ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ಮತ್ತೆ, ‘ತಂಗಿ ಮದ್ವೇದು? ಅದ್ರಲ್ಲಿ ಬದುಕ್ತಾನೆ ಅಂದಿದ್ದೆ’ ಎಂದರು.

‘ಅದ್ರಲ್ಲಿ ನಿಜವಾಗ್ಲೂ ಬದುಕ್ತಾನೆ ಅತ್ತೆ. ಮದ್ವೆ ಊಟಕ್ಕೆ ಪಂಕ್ತೀಲಿ ಕೂತ್ಕೋತಾನೆ.’

‘ಹೂಂ.’

ಕಹಿ ಇಲ್ಲ ಎಂದು ಹೇಳಿ ಮಾತ್ರೆ ಕೊಟ್ಟಾಗ ಅನ್ನುವ ಹೂಂ ಅದು.

‘ಹಾಕು’ ಎಂದು ಕೈ ಚಾಚಿದರು. ಸಿನಿಮಾ ಹಾಕಿ ಕೊಟ್ಟೆ. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು. ಮಂಗಳವಾದ್ಯ ಮೊಳಗಿತು, ಯಾರೋ ಅಳುತ್ತಾ ನಕ್ಕರು, ಎಲೆ ಹಾಕುವ ಗಲಾಟೆಯೂ ಕೇಳಿಸಿತು. ಹೇಳಲೆಂದು ನಾನು ಪಕ್ಕದಲ್ಲೇ ಕೂತಿದ್ದೆ. ಏನಾಯ್ತು ಎಂದು ಅವರು ನನ್ನನ್ನು ಕೇಳಲೇ ಇಲ್ಲ.