ಮಾಡದೆ ಬಿಟ್ಟ ಭಾಗಾಕಾರ

ತುಕ್ಕು ಹಿಡಿದ ಕಬ್ಬಿಣಕ್ಕೆ ಗ್ರೀಸು ಬೆರೆತ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ತಿರುವೊಟ್ಟಿಯೂರಿನ ನಮ್ಮ ಬಾಡಿಗೆ ಮನೆಯ ಬಾಗಿಲು ಕಾಣುತ್ತದೆ. ಗುರಪ್ಪ ಕಾಕಾನ ಅಂಗಿಯ ವಾಸನೆ ಅದು. ಅಪ್ಪನ ತಮ್ಮ, ಹುಬ್ಬಳ್ಳಿ ಕಡೆಯಿಂದ ಆ ತಮಿಳು ಊರಿಗೆ ಅಪ್ಪನ ಹಿಂದೆಯೇ ಬಂದು, ಮದುವೆಯಾಗದೆ ನಮ್ಮೊಂದಿಗೇ ಉಳಿದವನು. ರೈಲ್ವೆ ಯಾರ್ಡಿನಲ್ಲಿ ಗೂಡ್ಸ್ ಗಾಡಿಯ ಉದ್ದಕ್ಕೂ ನಡೆದು ಒಂದೊಂದು ವ್ಯಾಗನ್ನಿನ ನಂಬರನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ಸಂಜೆ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರೆ ನಾವಿಬ್ಬರೂ ಹೊಸ್ತಿಲ ಬಳಿ ಕೂತು ಆ ನಂಬರುಗಳನ್ನು ಒಡೆಯುತ್ತಿದ್ದೆವು. ಎರಡರಿಂದ, ಮೂರರಿಂದ, ಐದರಿಂದ, ಏಳರಿಂದ ಭಾಗಿಸುತ್ತ ಹೋಗುವುದು. ಯಾವುದರಿಂದಲೂ ಒಡೆಯದೆ ಉಳಿದದ್ದನ್ನು ಶಾಲೆಯಲ್ಲಿ ಪ್ರೈಮ್ ಎನ್ನುತ್ತಿದ್ದರು, ಕಾಕಾ ‘ಗಟ್ಟಿ’ ಎನ್ನುತ್ತಿದ್ದ. ಅಡ್ಡದಾರಿಗಳನ್ನೂ ಅವನೇ ಕಲಿಸಿದ. ಆರಾರ್ಲೆ ಮೂವತ್ತಾರು, ಒಂದು ಕಳೆದರೆ ಮೂವತ್ತೈದು, ಅಂದರೆ ಆರರ ಆಚೀಚೆ ಇರುವ ಐದು ಮತ್ತು ಏಳರ ಗುಣಾಕಾರ. ಎಷ್ಟೇ ದೊಡ್ಡ ಸಂಖ್ಯೆಯ ವರ್ಗದಿಂದ ಒಂದು ಕಳೆದರೂ ಹೀಗೇ ಒಡೆಯುತ್ತದೆ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಕಾಕಾನ ಎರಡೂ ಕಿಡ್ನಿ ಕೆಟ್ಟವು. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಮಲಗಿದವನು ಕೈಕಾಲು, ಮುಖವೆಲ್ಲ ಬಾತು ಗುರುತೇ ಹತ್ತದಂತಾಗಿದ್ದ. ಒಂದು ಮಧ್ಯಾಹ್ನ ಆಸ್ಪತ್ರೆಯ ಚೀಟಿಯನ್ನು ನನ್ನ ಕಡೆ ಚಾಚಿದ. ಅದರ ಮೇಲಿದ್ದ ನಂಬರು 97343.

“ಇದನ್ನ ಒಡದು ನೋಡು, ತಂಗಿ. ಗಟ್ಟಿ ಇತ್ತಂದ್ರ ನಾನೂ ಗಟ್ಟಿ ಆಗಿ ಮನಿಗೆ ಬರ್ತೀನಿ.”

ನಕ್ಕೇ ಹೇಳಿದ್ದ. ನಾನು ನಂಬಿಬಿಟ್ಟೆ. ವರಾಂಡದ ಬೆಂಚಿನ ಮೇಲೆ ಕೂತು, ಅವನದೇ ಹಳೆಯ ನಂಬರ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ನಾಲ್ಕು ದಿನ ಭಾಗಿಸಿದೆ. 311ರವರೆಗಿನ ಪ್ರೈಮುಗಳನ್ನು ನೋಡಿದರೆ ಸಾಕಿತ್ತು, ಅದರಾಚೆಯದರಿಂದ ಒಡೆಯುವುದಾದರೆ ಚಿಕ್ಕದೊಂದರಿಂದ ಮೊದಲೇ ಒಡೆದಿರುತ್ತದೆ. ಪ್ರತಿ ಸಲ ಶೇಷ ಉಳಿದಾಗ ನನಗೆ ಹೋದ ಜೀವ ಬಂದಂತಾಗುತ್ತಿತ್ತು. 307 ಮುಗಿಯಿತು, ಇನ್ನು ನೋಡಬೇಕಾದದ್ದು 311 ಒಂದೇ. ಪೆನ್ಸಿಲು ಮುಂದೆ ಹೋಗಲಿಲ್ಲ. ಒಡೆದರೆ ಏನು ಗತಿ ಎಂದು ಹೆದರಿ, ನಂಬರಿನ ಪಕ್ಕ ‘ಗಟ್ಟಿ’ ಎಂದು ಬರೆದು ಪುಸ್ತಕವನ್ನು ಅವನ ಕೈಗೆ ಕೊಟ್ಟೆ.

“ಮುನ್ನೂರಾ ಹನ್ನೊಂದರ್ಲೆ ಭಾಗಿಸಿ ನೋಡಿದೇನು?”

“ಪಾತ್ತಾಚು, ಕಾಕಾ.”

ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವುದು ನನ್ನ ರೂಢಿ. ನೋಡಿಯಾಯಿತು ಎಂದು ಸುಳ್ಳನ್ನೂ ತಮಿಳಿನಲ್ಲೇ ಹೇಳಿದೆ. ಕಾಕಾ ತಲೆಯಾಡಿಸಿ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡ. ಒಂಬತ್ತು ದಿನ ಕಳೆದು ತೀರಿಕೊಂಡ. ಆ ಒಂದು ಭಾಗಾಕಾರವನ್ನು ಬಿಟ್ಟದ್ದಕ್ಕೇ ಹೀಗಾಯಿತೆಂದು ವರ್ಷಗಟ್ಟಲೆ ಒಳಗೊಳಗೇ ಬೆಂದೆ, ಯಾರಿಗೂ ಹೇಳಲಿಲ್ಲ. ಮಾಡಿ ನೋಡುವ ಧೈರ್ಯವೂ ಬರಲಿಲ್ಲ.

ಆ ಮನೆ ಈಗಿಲ್ಲ, ಅಲ್ಲೊಂದು ಗೋದಾಮು ಎದ್ದಿದೆ. ಅವ್ವ ಹೋದ ಮೇಲೆ ಅವಳ ಟ್ರಂಕಿನಲ್ಲಿ ಆ ಪುಸ್ತಕ ಸಿಕ್ಕಿತು. ತೆರೆದರೆ ಅದೇ ವಾಸನೆ. ನಿಮ್ಮ ಮನೆಯಲ್ಲೂ ಹೋದವರದೊಂದು ವಸ್ತು ಉಳಿದಿದ್ದರೆ ನಿಮಗೆ ಗೊತ್ತು, ಅದನ್ನು ಬೇಗ ಮುಚ್ಚಿಡಲಾಗುವುದಿಲ್ಲ. ಕೊನೆಯ ಹಾಳೆಯಲ್ಲಿ ನನ್ನ ‘ಗಟ್ಟಿ’ಯ ಕೆಳಗೆ, ಬಾತ ಬೆರಳುಗಳ ಸೊಟ್ಟ ಬರಹದಲ್ಲಿ ಒಂದು ಸಾಲಿತ್ತು: 312 × 312 − 1. ಲೆಕ್ಕ ಹಾಕಿದರೆ 97343, ಅಂದರೆ 311 ಮತ್ತು 313ರ ಗುಣಾಕಾರ. ಒಡೆಯುವ ನಂಬರೇ ಅದು. ಕಾಕಾನಿಗೆ ಗೊತ್ತಿತ್ತು. ನಾನು ಬರೆದದ್ದನ್ನು ಮಾತ್ರ ಅವನು ಹೊಡೆದುಹಾಕಿರಲಿಲ್ಲ.